ಪಾಲಿಶ್ ಕೆರೆಸುವ ಮೊದಲು: ಹಳೆ ಪೀಠೋಪಕರಣ, ಹಳೆ ಜವಳಿ ಕುರಿತು ಓದುಗರ ಪ್ರಶ್ನೆಗಳು

ಮಳೆ ಹಿಂದೆ ಸರಿಯುತ್ತಿದ್ದಂತೆ ಮಂಗಳೂರು, ಉಡುಪಿ ಕಡೆಯಿಂದ ಬರುವ ಪತ್ರಗಳಲ್ಲಿ ಬಿಳಿ ಕಲೆ, ಬೂಸ್ಟು, ಕುಟ್ಟೆ, ಕಪ್ಪಾದ ಜರಿ ಇವುಗಳದ್ದೇ ದೂರು. ಈ ಸಲ ಅಂಥ ಪತ್ರಗಳಿಗೇ ಜಾಗ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಅಜ್ಜನ ಕಾಲದ ಬೀಟೆ ಮರದ ಊಟದ ಮೇಜಿನ ಮೇಲೆ ಈ ಮಳೆಗಾಲದಲ್ಲಿ ಮಬ್ಬುಮಬ್ಬಾಗಿ ಬಿಳುಪು ಬಂದಿದೆ. ಬಿಸಿ ಪಾತ್ರೆ ಇಟ್ಟಲ್ಲೆಲ್ಲ ಬಿಳಿ ಉಂಗುರ. ಪಾಲಿಶ್‌ನವರು ಉಪ್ಪು ಕಾಗದ ಹಾಕಿ ಪೂರ್ತಿ ಉಜ್ಜಿ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಯೋಣ, ಆಮೇಲೆ ಇಪ್ಪತ್ತು ವರ್ಷ ತಿರುಗಿ ನೋಡಬೇಕಿಲ್ಲ ಅನ್ನುತ್ತಿದ್ದಾರೆ. ಮಾಡಿಸಬಹುದೇ?
– ಬಿಜೈ, ಮಂಗಳೂರು

ದಯವಿಟ್ಟು ಮಾಡಿಸಬೇಡಿ. ಬಿಳಿ ಕಲೆ ಇರುವುದು ಮರದಲ್ಲಲ್ಲ, ಮರದ ಮೇಲಿನ ಪಾಲಿಶ್ ಪದರದಲ್ಲಿ. ಅದನ್ನು ತೆಗೆಯಲು ಮರವನ್ನೇ ಉಜ್ಜಬೇಕಾಗಿಲ್ಲ.

ಮೊದಲು ಮೇಲಿರುವ ಪಾಲಿಶ್ ಯಾವುದೆಂದು ತಿಳಿಯಿರಿ. ಮೇಜಿನ ಅಡಿಭಾಗಕ್ಕೆ ತಾಗಿದ ಅಂಚಿನಲ್ಲೋ ಕಾಲಿನ ಒಳಮೈಯಲ್ಲೋ ಕಣ್ಣಿಗೆ ಬೀಳದ ಜಾಗ ನೋಡಿ, ಹತ್ತಿಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಜಾಗ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಕದಲದಿದ್ದರೆ ಯಾರೋ ಆಗಲೇ ಮೆಲಮೈನ್ ಅಥವಾ ಪಿಯು ಹೊಡೆದಿದ್ದಾರೆ. ಅಜ್ಜನ ಕಾಲದ ಮೇಜು ಅಂದಮೇಲೆ ಅರಗೇ ಇರುವ ಸಂಭವ ಹೆಚ್ಚು, ಮಳೆಗಾಲದಲ್ಲಿ ಹೀಗೆ ಮಬ್ಬಾಗುವುದೂ ಅದರ ಸ್ವಭಾವ. ಗಾಳಿಯ ತೇವ ಅರಗಿನ ಪದರದೊಳಗೆ ಸಿಕ್ಕಿಕೊಂಡು ಬೆಳಕನ್ನು ಚದುರಿಸುತ್ತದೆ, ನಮಗೆ ಬಿಳಿಯಾಗಿ ಕಾಣುತ್ತದೆ.

ಆದ್ದರಿಂದ ಮೊದಲ ಮದ್ದು ಕಾಯುವುದು. ಮೇಜನ್ನು ಹೊರಗೋಡೆಯಿಂದ ದೂರ ಸರಿಸಿ ವಾರವಿಡೀ ಫ್ಯಾನ್ ಗಾಳಿ ತಾಗುವಂತೆ ಬಿಡಿ. ಬಿಸಿಲಿಗೆ ಇಡಬೇಡಿ. ಮಬ್ಬಿನಲ್ಲಿ ಬಹುಪಾಲು ತಾನಾಗಿಯೇ ಹೋಗುತ್ತದೆ.

ಉಳಿದ ಉಂಗುರಗಳಿಗೆ ಹೀಗೆ ಮಾಡಿ. ಮೊದಲು ಮಿನರಲ್ ಟರ್ಪೆಂಟೈನ್‌ನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿ ಮೇಣ, ಎಣ್ಣೆ, ಕೊಳೆ ತೆಗೆಯಿರಿ. ಒಣಗಿದ ಮೇಲೆ ಹತ್ತಿಯ ಉಂಡೆಗೆ ತೊಳೆದು ಮೆತ್ತಗಾದ ಹಳೆ ಹತ್ತಿಬಟ್ಟೆ ಸುತ್ತಿ ಪೊಟ್ಟಣ ಕಟ್ಟಿಕೊಳ್ಳಿ. ಅದಕ್ಕೆ ಏಳೆಂಟು ಹನಿ ಸ್ಪಿರಿಟ್ ಬಿಟ್ಟು ಅಂಗೈಗೆ ಒತ್ತಿ ನೋಡಿ. ಒದ್ದೆ ಅನ್ನಿಸಬಾರದು, ತಣ್ಣಗೆ ಅನ್ನಿಸಬೇಕು. ಕಲೆಯ ಮೇಲೆ ಪೊಟ್ಟಣವನ್ನು ನಿಲ್ಲಿಸದೆ, ಒಂದು ಬದಿಯಿಂದ ಇಳಿಸಿ ಇನ್ನೊಂದು ಬದಿಗೆ ಎತ್ತುವಂತೆ ಹಗುರವಾಗಿ ನಾಲ್ಕೈದು ಸಲ ಸವರಿ. ಹತ್ತು ನಿಮಿಷ ಬಿಟ್ಟು ನೋಡಿ, ಬೇಕಾದರೆ ಮತ್ತೆ ಸವರಿ. ಪೊಟ್ಟಣ ಒಂದೇ ಕಡೆ ಒಂದು ಕ್ಷಣ ನಿಂತರೂ ಕೆಳಗಿನ ಅರಗು ಕರಗಿ ಬಟ್ಟೆಯ ಅಚ್ಚು ಮೂಡುತ್ತದೆ. ಈ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಕಲೆ ಬಿಳಿಯಾಗಿರದೆ ಕಪ್ಪಾಗಿದ್ದರೆ ನೀರು ಪಾಲಿಶ್ ದಾಟಿ ಮರಕ್ಕೆ ಇಳಿದು ಕಬ್ಬಿಣದ ಅಂಶದ ಜೊತೆ ಸೇರಿದೆ ಎಂದರ್ಥ. ಅದಕ್ಕೆ ಆಕ್ಸಾಲಿಕ್ ಆಮ್ಲ ಬೇಕು. ಅದು ವಿಷ, ಆ ಕೆಲಸ ಕೈಪಳಗಿದವರಿಗೇ ಬಿಡಿ.

ಪದರ ಸವೆದಿದ್ದರೆ ಹೊಸ ಅರಗು ಏರಿಸಬಹುದು. 100 ಗ್ರಾಂ ಅರಗಿನ ಚಕ್ಕೆಗೆ ಅರ್ಧ ಲೀಟರ್ ಸ್ಪಿರಿಟ್ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬದಲ್ಲಿ ಕಲಸಿದರೆ ಕಪ್ಪಾಗುತ್ತದೆ. ಕಲಸಿ ಆರು ತಿಂಗಳು ದಾಟಿದ ಅರಗು ಹಚ್ಚಿದರೆ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು, ಹಾಗಾಗಿ ಬಾಟಲಿಯ ಮೇಲೆ ತಾರೀಕು ಬರೆಯಿರಿ. ಮುಖ್ಯವಾದದ್ದು ಕಾಲ. ಕರಾವಳಿಯಲ್ಲಿ ಅರಗಿನ ಪಾಲಿಶ್ ಮಾಡಿಸುವುದಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಬಿಸಿಲೇರಿದ ಮೇಲೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಎಂಥ ನುರಿತ ಕೈ ಹಚ್ಚಿದರೂ ಬಿಳುಪು ಬರುವುದೇ.

ಇನ್ನು ಪಿಯು ವಿಷಯ. ಎರಡು ದ್ರವ ಬೆರೆಸಿ ಹೊಡೆಯುವ ಆ ಪದರ ಒಮ್ಮೆ ಗಟ್ಟಿಯಾದರೆ ಯಾವ ದ್ರಾವಕಕ್ಕೂ ಸುಲಭವಾಗಿ ಕರಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮೇಜಿನ ಹಲಗೆ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಲಗೆ ಕೂಡುವ ಗೆರೆಯಲ್ಲಿ ಪದರ ಸೀಳಿ ನೀರು ಒಳಹೋದರೆ ಪಕಳೆ ಏಳುತ್ತದೆ. ಆಗ ದುರಸ್ತಿ ಅಂದರೆ ಮತ್ತೆ ಪೂರ್ತಿ ಕೆರೆಯುವುದೊಂದೇ. ಒಂದೊಂದು ಸಲ ಕೆರೆದಾಗಲೂ ನೂರು ವರ್ಷದ ಬೆಳಕು ಮಾಗಿಸಿದ ಬಣ್ಣ ಹೋಗುತ್ತದೆ, ಅಂಚುಗಳ ಚೂಪು ಹೋಗುತ್ತದೆ, ಕೆತ್ತನೆಯ ಆಳ ಹೋಗುತ್ತದೆ. ಅರಗನ್ನು ಮಾತ್ರ ಇವತ್ತು ಹಚ್ಚಿ ನಾಳೆ ತೆಗೆಯಬಹುದು.

ತೆಂಗಿನೆಣ್ಣೆ, ಚಿಮಿಣಿ ಎಣ್ಣೆಯಲ್ಲಿ ಒರಸುವ ರೂಢಿ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ತೆಂಗಿನೆಣ್ಣೆ ಒಣಗುವ ಎಣ್ಣೆಯಲ್ಲ. ದೂಳು ಹಿಡಿದು, ಕನರಿ, ಬೂಸ್ಟಿಗೆ ಆಹಾರವಾಗುತ್ತದೆ. ಹೊಳಪು ಬೇಕೆಂದರೆ ವರ್ಷಕ್ಕೊಮ್ಮೆ ಮೇಣ ಸಾಕು: 100 ಗ್ರಾಂ ಜೇನುಮೇಣ, 25 ಗ್ರಾಂ ಕಾರ್ನೂಬಾ ಮೇಣ, 250 ಮಿಲಿ ಟರ್ಪೆಂಟೈನ್. ಮೇಣಗಳನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಲೆ ಆರಿಸಿ ದೂರ ತಂದ ಮೇಲೆಯೇ ಟರ್ಪೆಂಟೈನ್ ಬೆರೆಸಿ. ಬರೀ ಜೇನುಮೇಣ ನಮ್ಮ ಸೆಕೆಗೆ ಮೆತ್ತಗಾಗಿ ದೂಳು ಹಿಡಿಯುತ್ತದೆ, ಕಾರ್ನೂಬಾ ಸೇರಿಸುವುದು ಅದಕ್ಕೇ.

ಬೆತ್ತದ ನಾಲ್ಕು ಕುರ್ಚಿಗಳಲ್ಲಿ ಎರಡರ ಸೀಟು ಜೋತು ಬಿದ್ದಿದೆ, ಒಂದರಲ್ಲಿ ಎಳೆ ಹರಿದಿದೆ. ಪ್ಲಾಸ್ಟಿಕ್ ಬೆತ್ತ ಹಾಕಿಸಿದರೆ ಬಾಳಿಕೆ ಬರುತ್ತದೆ ಅನ್ನುತ್ತಾರೆ. ನಾವೇ ನೇಯಲು ಸಾಧ್ಯವೇ?
– ಕಲ್ಯಾಣಪುರ, ಉಡುಪಿ

ಜೋತು ಬಿದ್ದ ಎರಡಕ್ಕೆ ಹೊಸ ಬೆತ್ತ ಬೇಡ. ಬೆತ್ತದ ಮೇಲ್ಮೈ ನುಣುಪಾದ ಸಿಪ್ಪೆ, ಅದು ನೀರು ಹೀರುವುದಿಲ್ಲ. ನೀರು ಹೀರುವುದು ಅಡಿಯ ಒರಟು ಮೈ. ಕುರ್ಚಿ ಬೋರಲು ಹಾಕಿ, ಚೌಕಟ್ಟಿನ ಒಳಗೆ ಸರಿಯಾಗಿ ಕೂರುವಂತೆ ಮಡಚಿದ ಬೈರಾಸನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಸೀಟಿನ ಅಡಿಗೆ ಅರ್ಧ ಗಂಟೆ ಹರಡಿ. ಬಟ್ಟೆ ಮರಕ್ಕೆ ತಾಗಬಾರದು, ತಾಗಿದರೆ ಮೇಲಿನ ಪ್ರಶ್ನೆಯ ಬಿಳಿ ಕಲೆ ನಿಮ್ಮ ಕುರ್ಚಿಗೂ ಬರುತ್ತದೆ. ಬಟ್ಟೆ ತೆಗೆದು ನೆರಳಲ್ಲಿ ಗಾಳಿಗೆ ಒಂದು ಹಗಲು, ಒಂದು ರಾತ್ರಿ ಬಿಡಿ. ಯಾರೂ ಕೂರಬಾರದು. ಒಣಗುವಾಗ ಎಳೆ ಕುಗ್ಗಿ ಸೀಟು ಬಿಗಿಯಾಗುತ್ತದೆ.

ಹರಿದ ಸೀಟನ್ನು ಹೊಸದಾಗಿ ನೇಯಬೇಕು, ಹೌದು, ನೀವೇ ನೇಯಬಹುದು. ಮೊದಲು ಚೌಕಟ್ಟಿನ ಅಂಚು ನೋಡಿ. ಸುತ್ತ ತೂತುಗಳಿದ್ದರೆ ಕೈನೇಯ್ಗೆ. ತೂತಿಲ್ಲದೆ ತೋಡು ಇದ್ದು ಅದರಲ್ಲಿ ಪಟ್ಟಿ ಕೂರಿಸಿದ್ದರೆ ಅದು ಯಂತ್ರದಲ್ಲಿ ನೇಯ್ದ ಚಾಪೆ, ಅದರ ವಿಧಾನ ಬೇರೆ. ತೂತಿನದ್ದಾದರೆ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. 10 ಮಿಮೀ ಇದ್ದರೆ 2 ಮಿಮೀ ಅಗಲದ ಬೆತ್ತ, 13ಕ್ಕೆ 2.25, 16ಕ್ಕೆ 2.5, 19ಕ್ಕೆ 3 ಮಿಮೀ. ಅಗಲ ಹೆಚ್ಚಾದರೆ ಕೊನೆಯ ಸುತ್ತಿಗೆ ತೂತಿನಲ್ಲಿ ಜಾಗವೇ ಉಳಿಯುವುದಿಲ್ಲ. ಒಂದು ಸಾಮಾನ್ಯ ಸೀಟಿಗೆ 75ರಿಂದ 90 ಮೀಟರ್ ಬೆತ್ತ ಬೇಕು.

ಹಳೆ ನೇಯ್ಗೆ ಕತ್ತರಿಸುವ ಮೊದಲು ಫೋಟೊ ತೆಗೆಯಿರಿ. ತೂತುಗಳಲ್ಲಿ ಸಿಕ್ಕಿದ ಚೂರು, ಮರದ ಬೆಣೆಗಳನ್ನು ಅಡಿಯಿಂದ ತೂತಿನ ಅಳತೆಯ ಕಡ್ಡಿಯಿಟ್ಟು ತಟ್ಟಿ ಹೊರಡಿಸಿ. ತೂತುಗಳ ಸಾಲಿನಲ್ಲಿ ಮರ ಸೀಳಿದೆಯೇ ಎಂದು ನೋಡಿ. ಸೀಳಿದ್ದರೆ ಮೊದಲು ಅಂಟಿಸಿ ಬಿಗಿದು ಒಣಗಿಸಿ. ಹಾಗೇ ನೇಯ್ದರೆ ಬೆತ್ತ ಒಣಗುವ ಎಳೆತಕ್ಕೆ ಪಟ್ಟಿ ಎರಡಾಗುತ್ತದೆ.

ಬೆತ್ತವನ್ನು ಉಗುರುಬೆಚ್ಚನೆ ನೀರಿನಲ್ಲಿ 15–20 ನಿಮಿಷ ಮಾತ್ರ ನೆನೆಸಿ. ರಾತ್ರಿಯಿಡೀ ನೆನೆಸಿದರೆ ಬಣ್ಣ ಕೆಟ್ಟು ಎಳೆ ಬಲ ಕಳೆದುಕೊಳ್ಳುತ್ತದೆ. ಇನ್ನು ಕ್ರಮ. ಒಂದನೇ ಸುತ್ತು ಹಿಂದಿನಿಂದ ಮುಂದಕ್ಕೆ, ನಡು ತೂತಿನಿಂದ ಶುರು ಮಾಡಿ ಎರಡೂ ಬದಿಗೆ. ಎರಡನೇ ಸುತ್ತು ಎಡದಿಂದ ಬಲಕ್ಕೆ, ನೇಯದೆ ಮೊದಲಿನದರ ಮೇಲೆ ಸುಮ್ಮನೆ ಹಾಸುವುದು. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಅದೇ ತೂತುಗಳಲ್ಲಿ, ಮೊದಲ ಎಳೆಯ ಬಲಕ್ಕೆ ಸರಿದು ಕೂರುವಂತೆ. ನಾಲ್ಕನೆಯದರಲ್ಲಿ ನೇಯ್ಗೆ ಶುರು: ಅಡ್ಡ ಎಳೆ ಮೂರನೆಯದರ ಮೇಲೆ, ಒಂದನೆಯದರ ಕೆಳಗೆ. ಇಲ್ಲಿಗೆ ಸಣ್ಣ ಸಣ್ಣ ಚೌಕಗಳು ಮೂಡುತ್ತವೆ. ಎರಡು ಮೊಳೆಗಳಿಂದ ಎಳೆಗಳನ್ನು ಜೊತೆಜೊತೆಯಾಗಿ ಒತ್ತಿ ಸಾಲು ನೇರ ಮಾಡಿ. ಐದು, ಆರು ಓರೆ ಸುತ್ತುಗಳು. ಒಂದು ಓರೆ ಎಳೆ ನಿಲುವು ಜೋಡಿಗಳ ಮೇಲೆ, ಅಡ್ಡ ಜೋಡಿಗಳ ಕೆಳಗೆ ಹೋದರೆ ಎದುರು ಓರೆ ಅದಕ್ಕೆ ತಿರುಗುಮುರುಗು. ಓರೆ ಎಳೆ ಚೌಕದ ಮೂಲೆಗೆ ಜಾರಿ ಕೂತರೆ ಸರಿ. ಜೋಡಿಗೆ ಸಿಕ್ಕಿ ಗಂಟಿಕ್ಕಿದಂತೆ ನಿಂತರೆ ಮೇಲು ಕೆಳಗು ಅದಲುಬದಲಾಗಿದೆ, ಆಗಲೇ ಬಿಚ್ಚಿ. ಬಿಟ್ಟರೆ ಒಂದು ವರ್ಷದಲ್ಲಿ ತಿಕ್ಕಾಟಕ್ಕೆ ಅಲ್ಲೇ ಹರಿಯುತ್ತದೆ. ಏಳನೆಯದು ತೂತುಗಳನ್ನು ಮುಚ್ಚುವ ಅಗಲದ ಅಂಚುಬೆತ್ತ.

ಮೊದಲ ಮೂರು ಸುತ್ತು ಬಿಗಿಯಬೇಡಿ, ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗುವಷ್ಟು ಸಡಿಲ ಇರಲಿ. ನೇಯ್ಗೆಯೇ ಬಿಗಿ ತರುತ್ತದೆ, ಒಣಗಿದಾಗ ಇನ್ನೂ ಬಿಗಿಯುತ್ತದೆ.

ಪ್ಲಾಸ್ಟಿಕ್ ಎಳೆ ಭಾರಕ್ಕೆ ಹಿಗ್ಗುತ್ತದೆ, ನೀರು ಹಾಕಿ ಮತ್ತೆ ಬಿಗಿ ಮಾಡಲು ಬರುವುದಿಲ್ಲ. ಜಗಲಿಯ ಹೊಸ ಕುರ್ಚಿಗೆ ಆದೀತು, ಇದಕ್ಕೆ ಬೇಡ.

ಹಲಸಿನ ಮರದ ಹಳೆ ತೊಟ್ಟಿಲು. ಬಣ್ಣ, ಅರಗಿನ ಕೆಲಸ ಏನೂ ಇಲ್ಲ. ಕೆಳಗೆ ದಿನಾ ಬಿಳಿ ಹಿಟ್ಟು ಬೀಳುತ್ತಿದೆ. ಮೊಮ್ಮಗುವಿನ ನಾಮಕರಣಕ್ಕೆ ಬಳಸುವ ಆಸೆ. ಔಷಧಿ ಹೊಡೆಸಲೇ?
– ಕಿನ್ನಿಗೋಳಿ

ಮಗು ಮಲಗುವ, ಕಚ್ಚುವ ವಸ್ತುವಿಗೆ ಕೀಟನಾಶಕ ಖಂಡಿತ ಬೇಡ.

ಹಿಟ್ಟು ಬೀಳುತ್ತಿದ್ದ ಮಾತ್ರಕ್ಕೆ ಹುಳು ಜೀವಂತ ಇದೆ ಎನ್ನಲಾಗದು, ಹಳೆ ತೂತಿನ ಹಿಟ್ಟು ಅಲುಗಾಡಿದಾಗಲೂ ಉದುರುತ್ತದೆ. ತೂತುಗಳನ್ನು ಕುಂಚದಿಂದ ಗುಡಿಸಿ, ಅಡಿಗೆ ಕಪ್ಪು ಕಾಗದ ಹಾಸಿ, ಎರಡು ವಾರ ಮುಟ್ಟದೆ ಬಿಡಿ. ಟಾಲ್ಕಂ ಪೌಡರಿನಷ್ಟು ನಯವಾದ ಹೊಸ ಹಿಟ್ಟು ಸಣ್ಣ ಗುಡ್ಡೆಯಾಗಿ ಬಿದ್ದಿದ್ದರೆ, ತೂತಿನ ಅಂಚು ಒಳಗೆ ಬಿಳಿಯಾಗಿ ಹೊಸದಾಗಿ ಕಂಡರೆ ಕುಟ್ಟೆ ಇದೆ. ಅದಕ್ಕೆ ಬೇಕಾದ್ದು ಪಿಷ್ಟ. ಅದು ಇರುವುದು ಮರದ ಹೊರಗಿನ ಬಿಳಿ ಭಾಗದಲ್ಲಿ. ನಡುವಿನ ಗಟ್ಟಿ ಚೇಗಿಗೆ ಅಪರೂಪಕ್ಕೆ ಹೋಗುತ್ತದೆ. ಹಾಗಾಗಿ ತೊಟ್ಟಿಲಿನ ಎಲ್ಲ ತುಂಡಿಗೂ ಹಿಡಿದಿರಲಾರದು, ಹಿಡಿದವನ್ನು ಗುರುತಿಸಿ.

ಬಿಚ್ಚಿ ಬರುವ ತೊಟ್ಟಿಲಾದರೆ ಶೀತದಲ್ಲಿ ಕೊಲ್ಲುವುದು ಅತ್ಯುತ್ತಮ. ತುಂಡುಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಹಾಕಿ, ಒಳಗಿನ ಗಾಳಿ ಆದಷ್ಟು ಹೊರಡಿಸಿ, ಟೇಪಿನಿಂದ ಸಂದಿಲ್ಲದಂತೆ ಮುಚ್ಚಿ. ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇರಬೇಕು. ಮನೆಯ ಫ್ರೀಜರಿಗೆ ಹಿಡಿಸದ ತುಂಡುಗಳಿಗೆ ಐಸ್‌ಕ್ರೀಮ್ ಅಥವಾ ಮೀನು ಸಂಗ್ರಹಿಸುವ ಶೀತಲಗೃಹದಲ್ಲಿ ಕೇಳಿ ನೋಡಿ, ಮಲ್ಪೆ, ಮಂಗಳೂರಿನಲ್ಲಿ ಅಂಥವು ಇವೆ. ಅಲ್ಲಿನ ತಾಪಮಾನ ಮೈನಸ್ 18 ಆಗಿದ್ದರೆ ಮೂರು ವಾರ ಇಡಿ. ಹೊರತಂದ ಮೇಲೆ ಪಾಲಿಥೀನನ್ನು ಒಂದು ದಿನ ಬಿಚ್ಚಲೇಬಾರದು. ನಮ್ಮ ಗಾಳಿಯ ತೇವ ತಣ್ಣನೆ ಮರದ ಮೇಲೆ ನೀರಾಗಿ ಇಳಿಯುತ್ತದೆ, ಆ ನೀರು ಪ್ಲಾಸ್ಟಿಕ್ಕಿನ ಹೊರಗೇ ಕೂರಲಿ.

ಬಿಸಿಲಿಗೆ ಹಾಕಿದರೆ ಸಾಯುವುದಿಲ್ಲವೇ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಮರದ ನಡುವಿನವರೆಗೆ 55 ಡಿಗ್ರಿ ಮುಟ್ಟಿದರೆ ಸಾಯುತ್ತದೆ, ಆದರೆ ಅಂಗಳದ ಬಿಸಿಲಲ್ಲಿ ಅಷ್ಟರೊಳಗೆ ಮೇಲ್ಮೈ ಸೀಳಿರುತ್ತದೆ.

ತೊಟ್ಟಿಲಲ್ಲದ ಕಪಾಟು, ಮಂಚಕ್ಕೆ ಪರ್ಮೆಥ್ರಿನ್ ಇರುವ ಮರದ ಔಷಧಿಯನ್ನು ಸಿರಿಂಜಿನಿಂದ ತೂತಿಗೆ ಇಳಿಸಬಹುದು. ಪಾಲಿಶ್ ಮೇಲೆ ಬಳಿದರೆ ಒಳಗೆ ಇಳಿಯುವುದೇ ಇಲ್ಲ. ಕನ್ನಡಕ, ಕೈಗವಸು ಇಲ್ಲದೆ ಸಿರಿಂಜು ಹಿಡಿಯಬೇಡಿ. ಒಳಗೆ ಸುರಂಗಗಳು ಒಂದಕ್ಕೊಂದು ಕೂಡಿರುತ್ತವೆ, ಒಂದು ತೂತಿಗೆ ಒತ್ತಿದ್ದು ಅರ್ಧ ಅಡಿ ದೂರದ ಇನ್ನೊಂದರಿಂದ ಕಣ್ಣಿಗೇ ಚಿಮ್ಮುತ್ತದೆ. ಮೇಲೆ ತೂತುಗಳನ್ನು ಬಣ್ಣ ಸೇರಿಸಿದ ಮೇಣದಿಂದ ಮುಚ್ಚಿ. ಮುಂದೆ ಹೊಸ ತೂತು ಬಂದರೆ ತಕ್ಷಣ ತಿಳಿಯುತ್ತದೆ.

ಮುತ್ತಜ್ಜಿಯ ಧಾರೆ ಸೀರೆ ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದು. ಜರಿ ಕಪ್ಪಾಗಿದೆ, ಮಡಿಕೆಯ ಗೆರೆಗಳಲ್ಲಿ ರೇಷ್ಮೆ ಸೀಳುತ್ತಿದೆ, ಒಂದೆರಡು ಕಡೆ ತುಕ್ಕಿನ ಕಲೆ. ಡ್ರೈವಾಶ್ ಕೊಡಬಹುದೇ? ಜರಿ ಹೊಳೆಯುವಂತೆ ಮಾಡಲು ಏನಾದರೂ ಇದೆಯೇ?
– ಮೂಡುಬಿದಿರೆ, ಇದೇ ಬಗೆಯ ಪ್ರಶ್ನೆ ಕುಂದಾಪುರ, ಕದ್ರಿಯಿಂದಲೂ ಬಂದಿದೆ

ಡ್ರೈವಾಶ್ ಬೇಡ, ತೊಳೆಯುವುದೂ ಬೇಡ. ಸೀಳುವಷ್ಟು ಜೀರ್ಣವಾದ ರೇಷ್ಮೆ ಡ್ರೈವಾಶ್ ಯಂತ್ರದೊಳಗಿನ ಹೊರಳಾಟ ತಾಳುವುದಿಲ್ಲ.

ಹಳೆಯ ಒಳ್ಳೆಯ ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ, ಚಿನ್ನದ ನೀರು ಕೊಟ್ಟ ಬೆಳ್ಳಿಯ ಚಪ್ಪಟೆ ತಂತಿ. ಚಿನ್ನದ ಪದರ ಬಲು ತೆಳು. ಕಪ್ಪಾಗಿರುವುದು ಬೆಳ್ಳಿ, ಗಾಳಿಯ ಗಂಧಕದ ಅಂಶ ತಾಗಿ. ಹುಣಸೆಹುಳಿ, ನಿಂಬೆ, ಟೂತ್‌ಪೇಸ್ಟ್, ಬೆಳ್ಳಿ ತೊಳೆಯುವ ದ್ರವ ಯಾವುದು ಹಾಕಿದರೂ ಕಪ್ಪಿನ ಜೊತೆ ಚಿನ್ನವೂ ಹೋಗುತ್ತದೆ. ದ್ರವ ಒಳಗಿನ ರೇಷ್ಮೆ ಎಳೆಗೆ ಇಳಿದು ಅಲ್ಲೇ ಉಳಿಯುತ್ತದೆ, ತೊಳೆದು ತೆಗೆಯಲು ಆಗದು. ಕಪ್ಪಾದ ಜರಿ ಹಾಗೇ ಇರಲಿ. ಅದರ ಕಪ್ಪು ಸೀರೆಯನ್ನು ಹಾಳು ಮಾಡುತ್ತಿಲ್ಲ. ಹಾಳು ಮಾಡುತ್ತಿರುವುದು ಮಡಿಕೆ, ತಗಡು ಮತ್ತು ತೇವ.

ಈಗ ಮಾಡಬೇಕಾದ್ದು. ಉಂಗುರ, ಬಳೆ ತೆಗೆದು, ಕೈ ತೊಳೆದು ಒರಸಿ, ದೊಡ್ಡ ಮೇಜಿನ ಮೇಲೆ ಬಿಳಿ ಹತ್ತಿ ಬಟ್ಟೆ ಹಾಸಿ ಸೀರೆ ಬಿಡಿಸಿ. ಸೀರೆಯನ್ನು ಅಂಚು ಹಿಡಿದು ಎತ್ತಬೇಡಿ. ಅಡಿಗೆ ಇನ್ನೊಂದು ಬಟ್ಟೆ ಕೊಟ್ಟು ಆ ಬಟ್ಟೆಯನ್ನು ಎತ್ತಿ. ಗುಂಡುಪಿನ್ನು, ಹಳೆ ವೃತ್ತಪತ್ರಿಕೆ, ರಬ್ಬರ್ ಬ್ಯಾಂಡ್ ಇದ್ದರೆ ತೆಗೆಯಿರಿ. ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುವುದರಲ್ಲಿ ಮುಂದು. ನುಸಿಗುಳಿಗೆ ಆವಿಯಾಗಿ ತಣ್ಣನೆ ಮೂಲೆಗಳಲ್ಲಿ ಮತ್ತೆ ಹರಳಾಗಿ ಬಟ್ಟೆಗೇ ಕೂರುತ್ತದೆ, ಅದರ ವಾಸನೆ ಮನೆಯವರಿಗೂ ಒಳ್ಳೆಯದಲ್ಲ. ಸೀರೆಯನ್ನು ನೆರಳಿನಲ್ಲಿ ನಾಲ್ಕೈದು ದಿನ ಹಾಗೇ ಹರಡಿಟ್ಟರೆ ವಾಸನೆ ಇಳಿಯುತ್ತದೆ.

ದೂಳು ತೆಗೆಯಲು ಸೊಳ್ಳೆಪರದೆಯ ತುಂಡನ್ನು ಮರದ ಚೌಕಟ್ಟಿಗೆ ಬಿಗಿದು ಸೀರೆಯ ಮೇಲಿಡಿ. ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕೆ ಇಟ್ಟು, ಪರದೆಯ ಮೇಲಿನಿಂದ ಸ್ವಲ್ಪ ಎತ್ತರದಲ್ಲಿ ಆಡಿಸಿ. ಪರದೆ ಇಲ್ಲದೆ ಮಾಡಿದರೆ ಬಿಡಿ ಎಳೆಗಳು ದೂಳಿನ ಜೊತೆ ಹೋಗುತ್ತವೆ. ತುಕ್ಕಿನ ಕಲೆ ಮುಟ್ಟಬೇಡಿ. ತುಕ್ಕು ತೆಗೆಯುವ ಆಮ್ಲ ರೇಷ್ಮೆಗೂ ಬಣ್ಣಕ್ಕೂ ಕೆಡುಕು.

ಮಡಚುವ ಬದಲು ಸುತ್ತಿಡಿ. 3–4 ಇಂಚು ವ್ಯಾಸದ, ಸೀರೆಯ ಅಗಲಕ್ಕಿಂತ ಅರ್ಧ ಅಡಿ ಉದ್ದದ ರಟ್ಟಿನ ಕೊಳವೆ ಬಟ್ಟೆಯಂಗಡಿಗಳಲ್ಲಿ ಸಿಗುತ್ತದೆ. ರಟ್ಟಿನ ಆಮ್ಲ ಸೀರೆಗೆ ತಾಗದಂತೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅದರ ಮೇಲೆ ಎರಡು ಮೂರು ಸಲ ತೊಳೆದು ಗಂಜಿ ಪೂರ್ತಿ ಹೋದ ಮಲ್ ಬಟ್ಟೆ ಸುತ್ತಿ. ಜರಿಯ ಮುಖ ಹೊರಗೆ ಬರುವಂತೆ, ನಡುನಡುವೆ ಮಲ್ ಹಾಸುತ್ತ, ಎಳೆಯದೆ ಸುತ್ತಿ. ಒಳಮುಖವಾಗಿ ಸುತ್ತಿದರೆ ಜರಿ ನಲುಗುತ್ತದೆ. ಮೇಲೆ ಬಟ್ಟೆಯ ಹೊದಿಕೆ, ಕಟ್ಟಲು ಅಗಲದ ಹತ್ತಿ ಪಟ್ಟಿ. ಜಾಗವಿಲ್ಲದೆ ಮಡಚಲೇಬೇಕಿದ್ದರೆ ಪ್ರತಿ ಮಡಿಕೆಯೊಳಗೆ ಮಲ್ ಬಟ್ಟೆಯ ದಪ್ಪ ಸುರುಳಿಯಿಟ್ಟು ದುಂಡು ಮಾಡಿ, ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ.

ಜಿಪ್ ಇರುವ ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೆ ಕೂಡಿಹಾಕುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳು ಗಾಳಿಯಾಡದ ಡಬ್ಬದಲ್ಲಿ ಮಾತ್ರ ಕೆಲಸ ಮಾಡುತ್ತವೆ: ಡಬ್ಬದ ಪ್ರತಿ ಲೀಟರಿಗೆ ಸುಮಾರು 20 ಗ್ರಾಂ, ಅಂದರೆ 50 ಲೀಟರ್ ಡಬ್ಬಕ್ಕೆ ಒಂದು ಕಿಲೋ. ಕಪಾಟಿನ ಮೂಲೆಗೆ ಎಸೆದ ಎರಡು ಪುಟ್ಟ ಪೊಟ್ಟಣದಿಂದ ಏನೂ ಆಗದು. ಬಣ್ಣ ಬದಲಾದಾಗ 120 ಡಿಗ್ರಿಯ ಓವನಿನಲ್ಲಿ ಎರಡು ಮೂರು ಗಂಟೆ ಕಾಯಿಸಿ ಮತ್ತೆ ಬಳಸಿ. ಲಕ್ಕಿಸೊಪ್ಪು, ಬೇವು ಇಡುವವರು ಪೂರ್ತಿ ಒಣಗಿಸಿ ಬಟ್ಟೆಯ ಗಂಟಿನಲ್ಲಿ ಕಟ್ಟಿ ಬೇರೆಯಾಗಿ ಇಡಲಿ, ಹಸಿ ಎಲೆ ರೇಷ್ಮೆಗೆ ಕಲೆ ಹಚ್ಚುತ್ತದೆ. ಸೀರೆ ತೆರೆದು ನೋಡುವುದು ಜನವರಿಯಲ್ಲಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಪೆಟ್ಟಿಗೆ ಬಾಯಿ ತೆರೆದರೆ ತೇವ ಒಳಗೆ ಹೋಗಿ ಕೂರುತ್ತದೆ.

ಸೀಳಿದ ಕಡೆ ರಫ್ಫು ಮಾಡಿಸಬೇಡಿ. ಗಟ್ಟಿ ದಾರ ಜೀರ್ಣ ರೇಷ್ಮೆಯನ್ನು ಪಕ್ಕದಲ್ಲೇ ಕೊಯ್ಯುತ್ತದೆ. ಇಸ್ತ್ರಿ ಹಾಕಿ ಅಂಟಿಸುವ ಪಟ್ಟಿಯಂತೂ ಬೇಡವೇ ಬೇಡ. ಸೀಳಿನ ಅಡಿಗೆ ಅದೇ ಬಣ್ಣದ ತೆಳು ರೇಷ್ಮೆ ಕೊಟ್ಟು, ಸೀಳಿದ ಎಳೆಗಳನ್ನು ಸಡಿಲ ಉದ್ದ ಹೊಲಿಗೆಯಲ್ಲಿ ಅದಕ್ಕೆ ಕೂರಿಸುವುದು ಜವಳಿ ಸಂರಕ್ಷಕರ ಕೆಲಸ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಮೊಸ್ಕೇನಿ ಬರೆದ ಚಿತ್ರಗಳ ಸಂರಕ್ಷಣೆ ಮಾಡಿದ, ಪರಂಪರೆ ರಕ್ಷಣೆಯ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಮೊದಲು ಫೋಟೊ ಕಳಿಸಿ ವಿಚಾರಿಸಿ.

ನೂಲಿನ ಹಳೆ ಉಡುಪಿ ಸೀರೆಗಳಿಗೆ ಒಂದು ಮಾತು: ಗಂಜಿ ಹಾಕಿ ಎತ್ತಿಡಬೇಡಿ. ಜಿರಳೆ, ಬೆಳ್ಳಿಮೀನು ಹುಳು ಬರುವುದು ಗಂಜಿಗೆ. ತೊಳೆದು ಗಂಜಿ ತೆಗೆದು ಇಡಿ, ಉಡುವ ದಿನ ಹಾಕಿದರಾಯಿತು.

ಸ್ಪ್ರಿಂಗಿನ ಹಳೆ ಸೋಫಾ. ಕೂತರೆ ನೆಲಕ್ಕೆ ಇಳಿಯುತ್ತದೆ. ಕುಶನ್‌ನವರು ಒಳಗಿನದ್ದೆಲ್ಲ ಬಿಸಾಡಿ ಫೋಮ್ ಹಾಕೋಣ ಅನ್ನುತ್ತಾರೆ.
– ಬಲ್ಮಠ, ಮಂಗಳೂರು

ಬಿಸಾಡಲು ಬಿಡಬೇಡಿ. ಸೀಟು ಇಳಿಯಲು ಕಾರಣ ಸಾಮಾನ್ಯವಾಗಿ ಸ್ಪ್ರಿಂಗಲ್ಲ, ಅದರ ಅಡಿಯ ಸೆಣಬಿನ ಪಟ್ಟಿ. ನಮ್ಮ ಕಡಲಗಾಳಿಯಲ್ಲಿ ಪಟ್ಟಿ ಹೊಡೆದ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ತುಕ್ಕು ತಾಗಿದಲ್ಲಿ ಸೆಣಬು ಸುಟ್ಟಂತಾಗಿ ಹರಿಯುತ್ತದೆ. ಸೋಫಾ ಬೋರಲು ಹಾಕಿ ಅಡಿಬಟ್ಟೆ ಬಿಚ್ಚಿದರೆ ಇದು ಕಣ್ಣಿಗೆ ಕಾಣುತ್ತದೆ. ಮೇಲಿನ ಪದರಗಳು ಗಟ್ಟಿ ಇದ್ದರೆ ಅಡಿಯಿಂದಲೇ ಪಟ್ಟಿ ಬದಲಿಸಿ ಮುಗಿಸಬಹುದು.

ಪೂರ್ತಿ ಬಿಚ್ಚುವುದಾದರೆ ಎನ್95 ಮಾಸ್ಕ್ ಹಾಕಿ, ಪದರ ಪದರಕ್ಕೂ ಫೋಟೊ ತೆಗೆಯಿರಿ. ಮೊಳೆ ಕೀಳುವಾಗ ಉಳಿ, ಕೊಡತಿ ಮರದ ಎಳೆಯ ದಿಕ್ಕಿಗೇ ಹೋಗಲಿ. ಅಡ್ಡಕ್ಕೆ ಹೊಡೆದರೆ ಪಟ್ಟಿ ಚಕ್ಕೆ ಏಳುತ್ತದೆ. ತುಂಬಿದ್ದು ತೆಂಗಿನ ನಾರೋ ಕುದುರೆ ಕೂದಲೋ ತಿಳಿಯಲು ಒಂದೆಳೆ ಸುಡಿ: ಕಾಗದದ ವಾಸನೆ ಬಂದರೆ ನಾರು, ಕೂದಲು ಸುಟ್ಟ ವಾಸನೆ ಬಂದರೆ ಕೂದಲು. ಎರಡನ್ನೂ ಮತ್ತೆ ಬಳಸಬಹುದು. ನಾರನ್ನು ಬಿಡಿಸಿ, ಬಡಿದು, ಬಿಸಿಲಿಗೆ ಹಾಕಿ. ಕೂದಲನ್ನು ಸೌಮ್ಯ ಸೋಪಿನಲ್ಲಿ ತೊಳೆದು ಒಣಗಿಸಿ ಬೆರಳಲ್ಲಿ ಹಿಂಜಿ.

ಹೊಸ ಪಟ್ಟಿ 2 ಇಂಚಿನ ಸೆಣಬಿನದ್ದು. ಉದ್ದಕ್ಕೂ ಅಡ್ಡಕ್ಕೂ ಒಂದರೊಳಗೊಂದು ಹೆಣೆದು, ತುದಿಯನ್ನು ಒಂದು ಇಂಚು ಮಡಚಿ ಐದು ಮೊಳೆ, ಒಂದೇ ಗೆರೆಯಲ್ಲಲ್ಲ, ಹಿಂದೆಮುಂದೆ. ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ. ಹಳೆ ತೂತುಗಳಿಂದ ಪಟ್ಟಿ ಜಾಳಾಗಿದ್ದರೆ ಮರದ ಹೊಟ್ಟನ್ನು ಮರವಜ್ರದಲ್ಲಿ (ಬಡಗಿಗಳ ಅಂಟಿನಲ್ಲಿ) ಕಲಸಿ ತುಂಬಿ ಎರಡು ದಿನ ಒಣಗಿಸಿ. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಟೀಲಿನ ಸ್ಟೇಪಲ್ ಹಾಕಿಸುವುದೇ ಇಲ್ಲಿಗೆ ಒಳ್ಳೆಯದು. ತುಕ್ಕಿಲ್ಲ, ಸುತ್ತಿಗೆಯ ಏಟಿಗೆ ಹಳೆ ಜೋಡಣೆ ಅಲುಗುವುದೂ ಇಲ್ಲ. ಪ್ರತಿ ಸ್ಪ್ರಿಂಗನ್ನು ಪಟ್ಟಿಗೆ ನಾಲ್ಕು ಕಡೆ ಹೊಲಿದು, ಮೇಲೆ ಸೆಣಬಿನ ಹುರಿಯಿಂದ ಎಂಟು ದಿಕ್ಕಿಗೆ ಕಟ್ಟಿ, ಒಂದೂವರೆ ಇಂಚಿನಷ್ಟು ಅದುಮಿ ನಿಲ್ಲಿಸಬೇಕು. ನಾಲ್ಕೇ ದಿಕ್ಕಿಗೆ ಕಟ್ಟಿದರೆ ಸ್ಪ್ರಿಂಗ್ ಓರೆಯಾಗಿ ಬಾಗಿ ಮೇಲಿನ ಗೋಣಿಬಟ್ಟೆಯನ್ನು ಕೊರೆಯುತ್ತದೆ.

ಫೋಮ್ ನಮ್ಮ ಸೆಕೆ, ತೇವಕ್ಕೆ ಹಳದಿಯಾಗಿ, ಅಂಟಾಗಿ, ಕೊನೆಗೆ ಹಿಟ್ಟಾಗುತ್ತದೆ. ತೆಂಗಿನ ನಾರು ಹೇರಳವಾಗಿ ಸಿಗುವ ಊರಿನಲ್ಲಿ ಅದಕ್ಕೆ ದುಡ್ಡು ಸುರಿಯುವ ಅಗತ್ಯ ಕಾಣದು. ಹಳೆ ಮೇಲ್ಬಟ್ಟೆ ಎಷ್ಟೇ ಹರಿದಿರಲಿ, ಅಂಗೈ ಅಗಲದ ತುಂಡೊಂದನ್ನು ಕಾಗದದ ಲಕೋಟೆಯಲ್ಲಿ ಹಾಕಿ, ತಾರೀಕು ಬರೆದು, ಸೀಟಿನ ಅಡಿಯ ಚೌಕಟ್ಟಿಗೆ ಕಟ್ಟಿ. ಮುಂದೆ ಬಿಚ್ಚುವವರಿಗೆ ಆ ಸೋಫಾದ ಮೂಲ ಬಣ್ಣ, ನೇಯ್ಗೆ ಎರಡೂ ಅಲ್ಲಿ ಸಿಗುತ್ತವೆ.

ಸಾಗುವಾನಿ ಪೆಟ್ಟಿಗೆಯ ಹಿತ್ತಾಳೆ ಪಟ್ಟಿಗಳನ್ನು ಹುಣಸೆಹುಳಿ ಹಾಕಿ ತಿಕ್ಕಬಹುದೇ?
– ಕಾರ್ಕಳ

ಬೇಡ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ಕರಗಿಸುತ್ತದೆ, ತಾಮ್ರ ಉಳಿದು ಪಟ್ಟಿ ಗುಲಾಬಿ ಛಾಯೆಗೆ ತಿರುಗುತ್ತದೆ. ಪಟ್ಟಿಯಡಿಗೆ ಇಳಿದ ಹುಳಿನೀರು ಮರಕ್ಕೆ ಹಸಿರು ಕಲೆ ಹಿಡಿಸುತ್ತದೆ. ಪಟ್ಟಿ ಬಿಚ್ಚಿ, ಸ್ಪಿರಿಟ್ ಹನಿಸಿದ ನಯವಾದ ಸೀಮೆಸುಣ್ಣದ ಪುಡಿಯಿಂದ ಹಗುರಾಗಿ ಉಜ್ಜಿ, ಮೇಣ ಸವರಿ ಕೂರಿಸಿ. ಹಳೆ ತಿರುಪುಗಳು ಒಂದರಂತೆ ಒಂದಿರುವುದಿಲ್ಲ. ರಟ್ಟಿನ ಮೇಲೆ ಪಟ್ಟಿಯ ಚಿತ್ರ ಬರೆದು ಯಾವ ತೂತಿನದ್ದು ಯಾವುದೆಂದು ಚುಚ್ಚಿಡಿ. ಬಾರದ ತಿರುಪಿನ ತಲೆಗೆ ಬಿಸಿ ಸಾಲ್ಡರಿಂಗ್ ಕಡ್ಡಿಯನ್ನು ಅರ್ಧ ನಿಮಿಷ ಹಿಡಿದು, ಆರಿದ ಮೇಲೆ ತಿರುಗಿಸಿ. ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಬಿಡುತ್ತದೆ.

ಯಕ್ಷಗಾನದ ಹಳೆ ಕಿರೀಟ, ಭುಜಕೀರ್ತಿಗಳ ಬೇಗಡೆ ಏಳುತ್ತಿದೆ, ಕನ್ನಡಿ ಚೂರು ಉದುರುತ್ತಿದೆ. ಚಿನ್ನದ ಬಣ್ಣದ ಸ್ಪ್ರೇ ಹೊಡೆದರೆ ಹೇಗೆ?
– ಬ್ರಹ್ಮಾವರ

ಸ್ಪ್ರೇ ಹೊಡೆದ ಗಳಿಗೆಯಿಂದ ಅದು ಬೇಗಡೆಯ ಕೆಲಸವಾಗಿ ಉಳಿಯುವುದಿಲ್ಲ, ತೆಗೆಯಲೂ ಬರುವುದಿಲ್ಲ. ಹಗುರ ಮರ, ಅದರ ಮೇಲೆ ಅಂಟು, ಮೇಲೆ ಬೇಗಡೆ: ಮೂರೂ ತೇವಕ್ಕೆ ಬೇರೆ ಬೇರೆ ರೀತಿ ಹಿಗ್ಗಿ ಕುಗ್ಗುತ್ತವೆ, ಬೇಗಡೆ ಏಳುವುದು ಅದರಿಂದ. ಕಲಾವಿದರ ಬೆವರಿನ ಉಪ್ಪು ಒಳಗಿದ್ದರೆ ಅದು ಗಾಳಿಯ ತೇವವನ್ನು ಇನ್ನೂ ಎಳೆಯುತ್ತದೆ.

ನೀರು ತಾಗಿಸದೆ, ಮೆತ್ತನೆಯ ಒಣ ಕುಂಚದಿಂದ ದೂಳು ಗುಡಿಸಿ. ಅಡಿಗೆ ಬಿಳಿ ಬಟ್ಟೆ ಹಾಸಿಕೊಂಡರೆ ಉದುರಿದ ಚೂರು ಕಳೆದುಹೋಗದು. ಎದ್ದ ಬೇಗಡೆಯ ಕೆಳಗೆ ಸಂರಕ್ಷಕರು ಬಳಸುವ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟನ್ನು ಅಸಿಟೋನಿನಲ್ಲಿ ಶೇ 10ರಷ್ಟು ಕರಗಿಸಿ, ಸಣ್ಣ ಕುಂಚದ ತುದಿಯಿಂದ ಸೇರಿಸಿ, ಸಿಲಿಕೋನ್ ಕಾಗದದ ಮೇಲಿನಿಂದ ಬೆರಳಲ್ಲಿ ಒತ್ತಿ ಹಿಡಿಯಿರಿ. ಮುಂದೆ ಬೇಕಾದಾಗ ಅಸಿಟೋನಿನಲ್ಲೇ ಬಿಡಿಸಬಹುದು. ಬಣ್ಣದ ಬೇಗಡೆಯಾದರೆ ಮೊದಲು ಒಂದು ಮೂಲೆಯಲ್ಲಿ ಅಸಿಟೋನ್ ತಾಗಿಸಿ ನೋಡಿ, ಕೆಲವದರ ಬಣ್ಣ ಅದಕ್ಕೆ ಕರಗುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಬೇಡ. ಕನ್ನಡಿಯ ಹಿಂಬದಿಯ ಪೂಸು ಅದಕ್ಕೆ ಹಾಳಾಗುತ್ತದೆ, ಅಂಚಿನಲ್ಲಿ ಬಿಳಿ ಪುಡಿ ಕೂರುತ್ತದೆ.

ಇವನ್ನು ಇನ್ನೂ ರಂಗಕ್ಕೆ ಬಳಸುತ್ತಿದ್ದರೆ ನಮ್ಮ ಸಲಹೆ ಸ್ಪಷ್ಟ: ಅಳತೆ, ವಿನ್ಯಾಸ ತೆಗೆದು ಆಟಕ್ಕೆ ಹೊಸ ಜೋಡಿ ಮಾಡಿಸಿ, ಹಳೆಯದಕ್ಕೆ ವಿಶ್ರಾಂತಿ ಕೊಡಿ. ಬಾರಿನಿಂದ ತೂಗು ಹಾಕಬೇಡಿ. ಪೆಟ್ಟಿಗೆಯಲ್ಲಿ ಅಡಿಗೆ ಬಟ್ಟೆಯ ಒತ್ತು ಕೊಟ್ಟು ಮಲಗಿಸಿ.

ಬೀಟೆ ಮರದ ಪೆಟ್ಟಿಗೆಯನ್ನು ದುಬೈಯಲ್ಲಿರುವ ಮಗನ ಮನೆಗೆ ಕಳಿಸಬೇಕು. ಅಡ್ಡಿಯಿದೆಯೇ?
– ಸುರತ್ಕಲ್

ನೂರು ವರ್ಷ ದಾಟಿದ ಕಲಾವಸ್ತುವೋ ಕರಕುಶಲ ವಸ್ತುವೋ ಆದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲದಿದ್ದರೂ ನೋಡಲು ಹಳೆಯದಾಗಿ ಕಂಡರೆ ಕಸ್ಟಮ್ಸ್‌ನವರು ತಡೆಯಬಹುದು. ಆದ್ದರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಮೊದಲೇ ಪಡೆಯಿರಿ. ಎಲ್ಲ ಬದಿಯ ಫೋಟೊ, ಅಳತೆ ಬೇಕಾಗುತ್ತದೆ. ಬೀಟೆ ಮರ, ಅಳಿವಿನ ಅಪಾಯದ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಅದಕ್ಕೆ ಬೇರೆ ಪರವಾನಗಿ ಬೇಕೇ ಎಂದು ಸಾಗಣೆಯವರಲ್ಲಿ ಕೇಳದೆ ನೇರವಾಗಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ಅಥವಾ ಕಸ್ಟಮ್ಸ್ ಕಚೇರಿಯಲ್ಲಿ ವಿಚಾರಿಸಿ. ಪೆಟ್ಟಿಗೆಯಲ್ಲಿ ದಂತದ ಕುಸುರಿ ಇದ್ದರೆ ಕಳಿಸುವ ಯೋಚನೆಯನ್ನೇ ಬಿಡಿ. ದಂತ ಕಿತ್ತು ಕಳಿಸುತ್ತೇನೆ ಎಂದು ಮಾತ್ರ ಹೊರಡಬೇಡಿ.